ಉಸಿರಾಡುವ ಎದೆಗೂಡು: ಮನೆಯಲ್ಲೇ ಒಂದು ಚಲಿಸುವ ಶಿಲ್ಪ ಕಟ್ಟುವುದು ಹೇಗೆ?

‘ಮೋಟರ್ ಯಾವುದು ತಗೋಬೇಕು?’ ಚಲಿಸುವ ಶಿಲ್ಪದ ಬಗ್ಗೆ ಏನು ಬರೆದರೂ ಓದುಗರ ಮೊದಲ ಪ್ರಶ್ನೆ ಇದೇ. ಎರಡನೆಯದು, ‘ಮಾಡಿದೆ, ತಿರುಗುತ್ತೆ, ಆದರೆ ಜೀವ ಇಲ್ಲ, ಯಾಕೆ?’ ಇವಕ್ಕೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಇಲ್ಲಿ ಒಂದು ಪೂರ್ತಿ ಶಿಲ್ಪವನ್ನೇ ಬುಡದಿಂದ ಕಟ್ಟೋಣ: ತಂತಿಯ ಪಕ್ಕೆಲುಬುಗಳಿರುವ, ಮೋಟರಿನಿಂದ ಉಸಿರಾಡುವ ಒಂದು ಎದೆಗೂಡು.

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಮೋಟರಿನದು ಕೊನೆಯ ಜಾಗ. ಜೀವ ಇರುವುದು ‘ಕ್ಯಾಮ್’ನಲ್ಲಿ. ಕ್ಯಾಮ್ ಅಂದರೆ ಪೂರ್ತಿ ದುಂಡಗಿಲ್ಲದ ಒಂದು ಚಕ್ರ, ತನ್ನ ಉಬ್ಬುತಗ್ಗಿನಿಂದ ಇನ್ನೊಂದು ಭಾಗವನ್ನು ಒತ್ತಿ, ಬಿಟ್ಟು, ಆಡಿಸುವಂಥದ್ದು. ಉಸಿರು ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಮುಖ್ಯವಾಗಿ ಎಲ್ಲಿ ಸುಮ್ನೆ ನಿಲ್ಲಬೇಕು ಅನ್ನುವುದನ್ನೆಲ್ಲ ಆ ಅಂಚೇ ತೀರ್ಮಾನಿಸುತ್ತದೆ.

ಇದೇನೂ ಹೊಸ ಆಟವಲ್ಲ. ಸ್ವಿಟ್ಜರ್ಲೆಂಡಿನ ಜಾಕೆ-ದ್ರೋ ಕುಟುಂಬದ ಗಡಿಯಾರದವರು 1768ರಿಂದ 1774ರ ನಡುವೆ ಮೂರು ಯಂತ್ರಗೊಂಬೆಗಳನ್ನು ಕಟ್ಟಿದರು. ಅವು ಈಗಲೂ ನ್ಯೂಶಾತೆಲ್ ಊರಿನ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲಿ ಒಂದು, ಸಂಗೀತಗಾರ್ತಿ, ತನ್ನ ಬೆರಳುಗಳಿಂದಲೇ ಆರ್ಗನ್ನಿನ ಮನೆಗಳನ್ನು ಒತ್ತಿ ನುಡಿಸುತ್ತಾಳೆ. ಆದರೆ ನೋಡುವವರು ಬೆಚ್ಚುವುದು ಅದಕ್ಕಲ್ಲ, ಅವಳ ಎದೆ ಉಸಿರಾಡಿದಂತೆ ಏರಿಳಿಯುವುದಕ್ಕೆ. ನಮ್ಮ ಕಡೆಯದೇ ಬೇಕಾ? ಟಿಪ್ಪುವಿನ ಹುಲಿ ಇದೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಆ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ ಹುಲಿಯ ಗುರುಗುಟ್ಟುವಿಕೆ, ಅದರ ಕೆಳಗೆ ಬಿದ್ದ ಮನುಷ್ಯನ ನರಳಾಟ ಎರಡೂ ಕೇಳುತ್ತವೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಎರಡರಲ್ಲೂ ಯಂತ್ರ ಹೊಟ್ಟೆಯೊಳಗೆ ಅಡಗಿದೆ. ನಾವು ಅಡಗಿಸುವುದಿಲ್ಲ, ಎಲ್ಲ ಕಣ್ಣಿಗೆ ಕಾಣುವಂತೆ ಬಿಡುತ್ತೇವೆ.

1. ಮೊದಲು ಉಸಿರನ್ನು ನೋಡಿ

ಸಾಮಾನು ತರುವ ಮೊದಲು ಮನೆಯಲ್ಲಿ ಯಾರಾದರೂ ಮಲಗಿದ್ದಾಗ ಎರಡು ನಿಮಿಷ ಅವರ ಎದೆ ನೋಡಿ. ಮೂರು ವಿಷಯ ಕಾಣಬೇಕು.

ಒಂದು, ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಹೊತ್ತು ಜಾಸ್ತಿ. ಆಸ್ಪತ್ರೆಯ ವೆಂಟಿಲೇಟರಿನಲ್ಲೂ ಸಾಮಾನ್ಯವಾಗಿ ಒಳಗೆ ಒಂದು ಪಾಲು, ಹೊರಗೆ ಎರಡು ಪಾಲು ಅಂತಲೇ ಹೊಂದಿಸುತ್ತಾರೆ. ಎರಡು, ಬಿಟ್ಟ ಮೇಲೆ ಒಂದು ಗಳಿಗೆ ಏನೂ ಆಗುವುದಿಲ್ಲ, ಎದೆ ಹಾಗೇ ಇರುತ್ತದೆ. ಮೂರು, ಎಳೆದುಕೊಳ್ಳುವುದಕ್ಕೆ ಮಾತ್ರ ಶ್ರಮ. ಆರಾಮಾಗಿ ಕೂತಾಗ ಬಿಡುವುದಕ್ಕೆ ಸ್ನಾಯುಗಳೇನೂ ಕೆಲಸ ಮಾಡುವುದಿಲ್ಲ, ಹಿಗ್ಗಿದ ಶ್ವಾಸಕೋಶ ಮತ್ತು ಎದೆಗೂಡು ತಾವಾಗೇ ಕುಗ್ಗುತ್ತವೆ.

ಈ ಮೂರನೆಯದು ನಮಗೆ ದೊಡ್ಡ ಅನುಕೂಲ. ದಾರಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಹಾಗಾಗಿ ಯಂತ್ರ ಪಕ್ಕೆಲುಬುಗಳನ್ನು ಎಳೆದು ಎತ್ತಲಿ, ಇಳಿಸುವ ಕೆಲಸ ಅವುಗಳ ತೂಕಕ್ಕೇ ಬಿಡೋಣ.

ಇನ್ನು ಪಕ್ಕೆಲುಬು ಆಡುವ ಬಗೆ. ಕೆಳಗಿನ ಪಕ್ಕೆಲುಬುಗಳ ಚಲನೆಗೆ ಅಂಗರಚನೆ ಕಲಿಸುವವರು ಬಕೆಟ್ ಹಿಡಿಕೆಯ ಹೋಲಿಕೆ ಕೊಡುತ್ತಾರೆ. ಬಕೆಟ್ಟಿನ ಹಿಡಿಕೆ ಪಕ್ಕಕ್ಕೆ ಬಿದ್ದಿರುತ್ತದೆ, ಎರಡು ತುದಿ ಕಿವಿಗಳಲ್ಲಿ ಕೂತಿರುತ್ತವೆ, ಎತ್ತಿದರೆ ನಡು ಮಾತ್ರ ಮೇಲೇಳುತ್ತದೆ. ಪಕ್ಕೆಲುಬಿನ ಹಿಂದಿನ ತುದಿ ಬೆನ್ನುಮೂಳೆಯಲ್ಲಿ, ಮುಂದಿನದು ಎದೆಯ ನಡುವಿನ ಚಪ್ಪಟೆ ಮೂಳೆಯಲ್ಲಿ. ಜೋತುಬಿದ್ದ ನಡುಭಾಗ ಮೇಲೆದ್ದಂತೆ ಎದೆ ಅಗಲವಾಗುತ್ತದೆ. ಮೇಲಿನ ಪಕ್ಕೆಲುಬುಗಳು ಬೇರೆ ಥರ, ಎದೆಯ ಮೂಳೆಯನ್ನೇ ಮುಂದಕ್ಕೆ ಎತ್ತುತ್ತವೆ. ಮೊದಲ ಸಲ ಅದಕ್ಕೆ ಕೈ ಹಾಕಬೇಡಿ. ಬಕೆಟ್ ಹಿಡಿಕೆಯೊಂದೇ ಸಾಕು.

2. ಸಾಮಾನು

ತಳಕ್ಕೆ 18 ಮಿಮೀ ಪ್ಲೈವುಡ್, 60 × 30 ಸೆಂ.ಮೀ. ಬೆನ್ನುಮೂಳೆಗೆ 5 × 5 ಸೆಂ.ಮೀ. ದಪ್ಪದ, 75 ಸೆಂ.ಮೀ. ಎತ್ತರದ ಮರದ ಕಂಬ. ಮೇಲಿನ ಹಲಗೆ, ಎದೆಪಟ್ಟಿ, ಕ್ಯಾಮ್ ಇವಕ್ಕೆ 12 ಮಿಮೀ ಪ್ಲೈವುಡ್. ಪಕ್ಕೆಲುಬಿಗೆ 10 ಗೇಜಿನ ಜಿಐ ತಂತಿ, ಸುಮಾರು 5 ಮೀಟರ್. ಜಿಐ ಅಂದರೆ ಸತು ಬಳಿದ ಕಬ್ಬಿಣ, ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಗೇಜಿನ ಅಂಕಿ ದೊಡ್ಡದಾದಷ್ಟೂ ತಂತಿ ಸಣ್ಣಗಾಗುತ್ತದೆ. 10 ಅಂದರೆ ಸುಮಾರು 3.25 ಮಿಮೀ. ಅಲ್ಯುಮಿನಿಯಂ ಬಗ್ಗಿಸಲು ಸುಲಭ ಅಂತ ಅದನ್ನೇ ತರಬೇಡಿ. ಅದು ತೀರಾ ಹಗುರ. ಪಕ್ಕೆಲುಬು ತನ್ನ ತೂಕಕ್ಕೆ ಇಳಿಯಬೇಕಲ್ವಾ, ಹಗುರಾದರೆ ಅರ್ಧದಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ.

ಸಣ್ಣ ರಾಟೆ ನಾಲ್ಕು. ಚನ್ನಪಟ್ಟಣದ ಕಡೆ ಹೋಗುವವರಿದ್ದರೆ ಅಲ್ಲಿನ ಗೊಂಬೆ ಕಡೆಯುವವರ ಹತ್ತಿರ ಆಲೆ ಮರದಲ್ಲಿ ಕಡೆಸಿಕೊಳ್ಳಿ. ನುಣುಪಾಗಿರುತ್ತವೆ, ಅರಗಿನ ಬಣ್ಣವೂ ಸಿಗುತ್ತದೆ. ಆಗದಿದ್ದರೆ ಪ್ಲಾಸ್ಟಿಕ್ಕಿನವೂ ನಡೆಯುತ್ತವೆ.

608 ನಂಬರಿನ ಬೇರಿಂಗ್ ಒಂದು. ಸ್ಕೇಟಿಂಗ್ ಚಕ್ರದೊಳಗೆ ಇರುವುದು ಇದೇ: ಹೊರ ಅಳತೆ 22 ಮಿಮೀ, ಒಳತೂತು 8 ಮಿಮೀ. ಹೆಣೆದ ಗಾಳದ ದಾರ, ಒಂದು ಐ ಬೋಲ್ಟ್ (ತಲೆಯ ಜಾಗದಲ್ಲಿ ಉಂಗುರವಿರುವ ಬೋಲ್ಟ್), ನಟ್ಟು, ವಾಷರ್, ಸ್ಕ್ರೂ. ಕೊನೆಗೆ 12 ವೋಲ್ಟಿನ, 10 ಆರ್‌ಪಿಎಂ (ನಿಮಿಷಕ್ಕೆ 10 ಸುತ್ತು) ಗೇರ್ಡ್ ಡಿಸಿ ಮೋಟರ್, ಅದರ ಶಾಫ್ಟಿಗೆ (ಹೊರಗೆ ಚಾಚಿದ, ತಿರುಗುವ ಕಡ್ಡಿಗೆ) ಹೊಂದುವ ಹಬ್ (ಕ್ಯಾಮನ್ನು ಶಾಫ್ಟಿಗೆ ಸೇರಿಸುವ ಬಿಲ್ಲೆ), 12 ವೋಲ್ಟಿನ ಅಡಾಪ್ಟರ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಬೇರೆಯವರು ಆನ್‌ಲೈನ್ ತರಿಸಬಹುದು.

ಡ್ರಿಲ್, ಜಿಗ್‌ಸಾ ಅಥವಾ ಕೈಗರಗಸ, ಇಕ್ಕಳ, ಕೈವಾರ, ಕೋನಮಾಪಕ ಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕತ್ತರಿಸಿದ ಜಿಐ ತಂತಿಯ ತುಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ.

3. ಚೌಕಟ್ಟು

ತಳದ ಹಲಗೆಯ ಹಿಂದಿನ ಅಂಚಿನ ನಡುವೆ ಕಂಬ ನಿಲ್ಲಿಸಿ, ಕೆಳಗಿನಿಂದ ಎರಡು ಸ್ಕ್ರೂ, ಹಿಂದಿನಿಂದ ಒಂದು ಎಲ್ ಕ್ಲಾಂಪ್. ಕಂಬದ ತಲೆಯ ಮೇಲೆ 20 ಸೆಂ.ಮೀ. ಅಗಲದ ಹಲಗೆಯನ್ನು ಮುಂದಕ್ಕೆ ಚಾಚುವಂತೆ ಕೂರಿಸಿ. ಅದೇ ನಮ್ಮ ಭುಜ. ಹಲಗೆಯ ಮುಂದಿನ ಅಂಚಿನಿಂದ ಎದೆಪಟ್ಟಿ ಕೆಳಗೆ ಜೋತಾಡಲಿ: ಅಗಲ 5 ಸೆಂ.ಮೀ., ಉದ್ದ 38 ಸೆಂ.ಮೀ. ಕಂಬದ ಮುಖಕ್ಕೂ ಎದೆಪಟ್ಟಿಯ ಹಿಂಬದಿಗೂ ನಡುವೆ 16 ಸೆಂ.ಮೀ. ಜಾಗ ಇರಬೇಕು. ಎದೆಪಟ್ಟಿಯ ಕೆಳತುದಿ ಅಲ್ಲಾಡುತ್ತದೆ, ಒಂದು ತಂತಿಯಿಂದ ಕಂಬಕ್ಕೆ ಬಿಗಿಯಿರಿ. ಆ ತಂತಿ ಸರಿ ಮಧ್ಯದಲ್ಲಿ ಹಾಯದಂತೆ ಸ್ವಲ್ಪ ಪಕ್ಕಕ್ಕೆ ಬಗ್ಗಿಸಿ, ಮಧ್ಯದಲ್ಲಿ ಮುಂದೆ ದಾರ ಬರುವುದಿದೆ.

ಈಗ ತೂತುಗಳು. ಕಂಬದ ಮುಖದಲ್ಲಿ ತಳದಿಂದ 40 ಸೆಂ.ಮೀ. ಎತ್ತರದಲ್ಲಿ ಶುರುಮಾಡಿ, 4.5 ಸೆಂ.ಮೀ.ಗೆ ಒಂದರಂತೆ ಆರು ಸಾಲು. ಪ್ರತಿ ಸಾಲಿನಲ್ಲಿ ಎರಡು ತೂತು, ನಡುವೆ 3 ಸೆಂ.ಮೀ. ಅಂತರ. ಎದೆಪಟ್ಟಿಯಲ್ಲೂ ಅದೇ ಎತ್ತರಕ್ಕೆ, ಅದೇ ಅಂತರಕ್ಕೆ. 3.5 ಮಿಮೀ ಬಿಟ್ ಹಾಕಿ. ತೂತಿನೊಳಗೆ ಮೇಣದಬತ್ತಿಯ ಚೂರು ತಿಕ್ಕಿ. ಎಣ್ಣೆ ಬೇಡ.

ಮನುಷ್ಯರಿಗೆ ಹನ್ನೆರಡು ಜೊತೆ ಪಕ್ಕೆಲುಬು, ನಮಗೇಕೆ ಆರೇ ಅಂತ ಕೇಳುವವರಿದ್ದಾರೆ. ಆರು ಜೊತೆ ಹಾಕಿದರೂ ನೋಡಿದವರು ‘ಎದೆಗೂಡು’ ಅಂತಲೇ ಹೇಳುತ್ತಾರೆ. ಹನ್ನೆರಡು ಹಾಕಿದರೆ ಉಜ್ಜಾಟ ಎರಡರಷ್ಟಾಗುತ್ತದೆ, ನೋಟ ಮೆಡಿಕಲ್ ಕಾಲೇಜಿನ ಮಾದರಿಯಂತಾಗುತ್ತದೆ.

4. ಪಕ್ಕೆಲುಬು ಬಗ್ಗಿಸುವುದು

ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಮಾಡಿ.

ಎಲ್ಲಕ್ಕಿಂತ ಮೇಲಿನ ಜೊತೆಗೆ 28 ಸೆಂ.ಮೀ. ಉದ್ದದ ತಂತಿ, ಕೆಳಗೆ ಹೋದಂತೆ ಜೊತೆಗೆ ಒಂದೂವರೆ ಸೆಂ.ಮೀ.ನಂತೆ ಹೆಚ್ಚಿಸಿ ಕೊನೆಯ ಎರಡು ಜೊತೆಗೆ 34 ಸೆಂ.ಮೀ. ಪ್ರತಿ ತಂತಿಯನ್ನೂ ಬಿಲ್ಲಿನಂತೆ ಅರ್ಧ ಸುತ್ತು ಬಗ್ಗಿಸಬೇಕು. ಮೇಲಿನದು ಹೊರಕ್ಕೆ 7 ಸೆಂ.ಮೀ. ಉಬ್ಬಿದರೆ ಸಾಕು, ಕೆಳಗಿನದು 11. ಬರಿಗೈಯಲ್ಲಿ ಬಗ್ಗಿಸಿದರೆ ಒಂದೊಂದೂ ಒಂದೊಂದು ಆಕಾರ. ಹಲಗೆಯ ಮೇಲೆ ಆಕಾರ ಬರೆದು, ಗೆರೆಯುದ್ದಕ್ಕೂ ಮೊಳೆ ಹೊಡೆದು, ತಂತಿಯನ್ನು ಮೊಳೆಗಳಿಗೆ ಒತ್ತಿ ಬಗ್ಗಿಸಿ. ಬಿಟ್ಟೊಡನೆ ತಂತಿ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಮೊಳೆಗಳನ್ನು ಬೇಕಾದ್ದಕ್ಕಿಂತ ಒಂದಿಷ್ಟು ಬಿಗಿ ಬಾಗಿಗೆ ಹೊಡೆದಿರಿ.

ನಂತರ ಎರಡೂ ತುದಿಯಲ್ಲಿ 2 ಸೆಂ.ಮೀ. ಬಿಟ್ಟು, ಇಕ್ಕಳದಿಂದ 90 ಡಿಗ್ರಿ ಹೊರಕ್ಕೆ ಮಡಚಿ. ಒಂದು ತುದಿ ಕಂಬದ ತೂತಿಗೆ, ಇನ್ನೊಂದು ಎದೆಪಟ್ಟಿಯ ತೂತಿಗೆ. ಈ ಎರಡು ತುದಿಗಳು ಒಂದೇ ನೇರ ಗೆರೆಯ ಮೇಲಿರಬೇಕು. ಇದರಲ್ಲಿ ರಾಜಿಯಿಲ್ಲ. ಪಕ್ಕೆಲುಬನ್ನು ಮೇಜಿನ ಮೇಲೆ ಮಲಗಿಸಿ, ಎರಡು ತುದಿಗೂ ತಾಗುವಂತೆ ಸ್ಕೇಲ್ ಇಡಿ. ಒಂದು ತುದಿ ಸ್ಕೇಲಿಗೆ ಅಂಟಿಕೊಂಡು ಇನ್ನೊಂದು ಕೋನದಲ್ಲಿ ತಿರುಗಿ ನಿಂತಿದ್ದರೆ, ಅಥವಾ ತಂತಿ ಮೇಜಿನಿಂದ ಎಲ್ಲಾದರೂ ಮೇಲೆದ್ದಿದ್ದರೆ, ಸರಿಮಾಡಿಯೇ ಮುಂದೆ ಹೋಗಿ. ಗೆರೆ ತಪ್ಪಿದ ತುದಿಗಳು ತೂತಿನೊಳಗೆ ತಿರುಚಿಕೊಳ್ಳುತ್ತವೆ. ಪಕ್ಕೆಲುಬು ಮೇಲೇರುವಾಗ ತಡೆದು ತಡೆದು, ಟಕ್ ಅಂತ ಜಿಗಿಯುತ್ತದೆ. ನೋಡುವವರಿಗೆ ಅದು ಬಿಕ್ಕಳಿಕೆ.

ಕೂರಿಸುವಾಗ ತಂತಿಯನ್ನು ಕೊಂಚ ಅದುಮಿ ಎರಡೂ ತುದಿ ತೂತಿಗೆ ಬಿಡಿ. ಕೂರಿಸಿದ ಪ್ರತಿಯೊಂದನ್ನೂ ಬೆರಳಿನಿಂದ ಮಟ್ಟಕ್ಕೆ ಎತ್ತಿ ಕೈಬಿಡಿ. ಧಪ್ ಅಂತ ಕೆಳಗೆ ಬಿದ್ದು ಜೋತಾಡಿದರೆ ಪಾಸು. ನಡುವೆ ನಿಂತರೆ ತೆಗೆದು ಮತ್ತೆ ಸ್ಕೇಲಿಗೆ ಇಡಿ. ಮುಂದೆ ಯಾವ ಮೋಟರ್ ಹಾಕಿದರೂ ಇಲ್ಲಿನ ತಪ್ಪು ಮುಚ್ಚುವುದಿಲ್ಲ.

5. ದಾರ ಮತ್ತು ರಾಟೆ

ಭುಜದ ಹಲಗೆಯ ಕೆಳಗೆ, ಕಂಬದಿಂದ 8 ಸೆಂ.ಮೀ. ಮುಂದಕ್ಕೆ, ನಡುವಿನಿಂದ ಎಡಕ್ಕೂ ಬಲಕ್ಕೂ 7.5 ಸೆಂ.ಮೀ. ದೂರದಲ್ಲಿ ಒಂದೊಂದು ರಾಟೆ. ಸರಿ ನಡುವೆ ಉಳಿದ ಎರಡು ರಾಟೆ ಅಕ್ಕಪಕ್ಕ. ಬಲಗಡೆಯ ಆರು ಪಕ್ಕೆಲುಬುಗಳ ಅತಿ ಹೊರಗಿನ ಬಿಂದುಗಳನ್ನು ಒಂದೇ ದಾರ ಮೇಲಿನಿಂದ ಕೆಳಗೆ ಕಟ್ಟುತ್ತಾ ಬರಬೇಕು. ಎಡಗಡೆಗೂ ಹಾಗೇ. ಎರಡೂ ದಾರ ಪಕ್ಕದ ರಾಟೆ ಹತ್ತಿ, ನಡುವಿನ ರಾಟೆ ಇಳಿದು, ಎದೆಗೂಡಿನ ಒಳಗೆ ಒಂದು ಸಣ್ಣ ಉಂಗುರದಲ್ಲಿ ಕೂಡಿ, ಅಲ್ಲಿಂದ ಒಂದೇ ದಾರವಾಗಿ ಕೆಳಗೆ ಹೋಗುತ್ತವೆ. ನೋಡಲು ಇದೇ ಚೆಂದ: ಹೃದಯ ಇರಬೇಕಾದ ಜಾಗದಲ್ಲಿ ಒಂದು ಉಂಗುರ ಮೇಲೆ ಕೆಳಗೆ ಆಡುತ್ತಿರುತ್ತದೆ.

ಪಕ್ಕೆಲುಬಿಗೆ ದಾರವನ್ನು ಸುಮ್ನೆ ಒಂದು ಸುತ್ತು ಹಾಕಿ ಬಿಡಬೇಡಿ, ಜಾರುತ್ತದೆ. ಎರಡು ಸುತ್ತು ಸುತ್ತಿ, ಗಂಟು ಬಿಗಿದು, ಮೇಲೆ ಒಂದು ಹನಿ ಅಂಟು. ಕಟ್ಟುವಾಗ ಪಕ್ಕೆಲುಬುಗಳು ಸುಮಾರು 45 ಡಿಗ್ರಿ ಕೆಳಗೆ ಜೋತಿರಲಿ. ಅಳತೆಗೆ ರಟ್ಟಿನಲ್ಲಿ ಒಂದು 45 ಡಿಗ್ರಿ ತ್ರಿಕೋನ ಕತ್ತರಿಸಿ ಇಟ್ಟುಕೊಳ್ಳಿ.

ಹತ್ತಿಯ ದಾರ ಬೇಡ. ಮಳೆಗಾಲದಲ್ಲಿ ಅದರ ಉದ್ದವೇ ಬದಲಾಗುತ್ತದೆ. ಒಂಟಿ ಎಳೆಯ ನೈಲಾನ್ ಕೂಡ ಬೇಡ, ರಬ್ಬರಿನಂತೆ ಎಳೆದುಕೊಳ್ಳುತ್ತದೆ.

6. ಲಿವರ್

ಲಿವರ್ ಅಂದರೆ ಸನ್ನೆಕೋಲು. ಇಲ್ಲಿ ಅದರ ಕೆಲಸ ಕ್ಯಾಮಿನ ಸಣ್ಣ ಚಲನೆಯನ್ನು ದೊಡ್ಡದು ಮಾಡುವುದು. ಲೆಕ್ಕ ಹೀಗಿದೆ. 11 ಸೆಂ.ಮೀ. ಉಬ್ಬಿದ ಪಕ್ಕೆಲುಬನ್ನು 45 ಡಿಗ್ರಿಯಿಂದ 20 ಡಿಗ್ರಿಗೆ ಎತ್ತಲು ದಾರ 4 ಸೆಂ.ಮೀ. ಚಲಿಸಬೇಕು. ಅಷ್ಟಕ್ಕೆ ಒಂದೊಂದು ಬದಿ ಸುಮಾರು 2.5 ಸೆಂ.ಮೀ. ಅಗಲವಾಗುತ್ತದೆ, ಒಟ್ಟು 5. ನಿಜವಾದ ಉಸಿರಿಗಿಂತ ಇದು ಜಾಸ್ತಿಯೇ, ಆದರೆ ಶಿಲ್ಪ ನಾಲ್ಕು ಹೆಜ್ಜೆ ದೂರದಿಂದಲೂ ಕಾಣಬೇಕಲ್ವಾ.

30 ಸೆಂ.ಮೀ. ಉದ್ದದ ಗಟ್ಟಿ ಪಟ್ಟಿಯನ್ನು ತಳದಿಂದ 10 ಸೆಂ.ಮೀ. ಎತ್ತರದಲ್ಲಿ ಅಡ್ಡಲಾಗಿ ಹಾಕಿ. ಒಂದು ತುದಿ ಬಲಗಡೆ ಬೋಲ್ಟಿನ ಮೇಲೆ ತಿರುಗಲಿ. ಆ ಬೋಲ್ಟಿನಿಂದ 12 ಸೆಂ.ಮೀ. ದೂರದಲ್ಲಿ 608 ಬೇರಿಂಗನ್ನು 8 ಮಿಮೀ ಬೋಲ್ಟಿನಿಂದ ಪಟ್ಟಿಯ ಪಕ್ಕಕ್ಕೆ ಬಿಗಿಯಿರಿ. 24 ಸೆಂ.ಮೀ. ದೂರದಲ್ಲಿ, ಎದೆಗೂಡಿನ ಸರಿ ನಡುವಿಗೆ, ಐ ಬೋಲ್ಟ್ ಹಾಕಿ ದಾರ ಕಟ್ಟಿ. ಕ್ಯಾಮ್ ಬೇರಿಂಗನ್ನು 2 ಸೆಂ.ಮೀ. ಒತ್ತಿದರೆ ದಾರ 4 ಸೆಂ.ಮೀ. ಎಳೆಯುತ್ತದೆ.

ಗಮನಿಸಿ, ಕ್ಯಾಮ್ ಲಿವರಿನ ಮೇಲೆ ಇರುತ್ತದೆ, ಕೆಳಗಲ್ಲ. ಕ್ಯಾಮ್ ಲಿವರನ್ನು ಕೆಳಗೆ ಒತ್ತಿದಾಗ ಪಕ್ಕೆಲುಬು ಮೇಲೆ. ಪಕ್ಕೆಲುಬುಗಳ ತೂಕ ಲಿವರನ್ನು ಮೇಲಕ್ಕೆ ಎಳೆಯುತ್ತಲೇ ಇರುವುದರಿಂದ ಬೇರಿಂಗ್ ಸದಾ ಕ್ಯಾಮಿಗೆ ಅಂಟಿಕೊಂಡಿರುತ್ತದೆ, ಸ್ಪ್ರಿಂಗ್ ಬೇಕಾಗುವುದಿಲ್ಲ.

7. ಕ್ಯಾಮ್ ಬರೆಯುವುದು

ಮೋಟರಿನ ಶಾಫ್ಟಿಗೆ ಒಂದು ಕಡ್ಡಿ ಹಾಕಿ, ಅದರ ತುದಿಗೆ ದಾರ ಕಟ್ಟಿದರೂ ಪಕ್ಕೆಲುಬು ಏರಿಳಿಯುತ್ತದೆ. ‘ಜೀವ ಇಲ್ಲ’ ಅಂತ ಬರೆಯುವವರಲ್ಲಿ ಹೆಚ್ಚಿನವರು ಮಾಡಿರುವುದು ಅದನ್ನೇ. ಅಂಥ ಕಡ್ಡಿ ಏರುವಷ್ಟೇ ಹೊತ್ತಿನಲ್ಲಿ ಇಳಿಯುತ್ತದೆ, ಎಲ್ಲೂ ತಂಗುವುದಿಲ್ಲ. ಅದು ಪಂಪು, ಉಸಿರಲ್ಲ.

ಪ್ಲೈವುಡ್ಡಿನ ಮೇಲೆ ಒಂದು ಕೇಂದ್ರ ಗುರುತಿಸಿ. ಕೋನಮಾಪಕದಿಂದ 30 ಡಿಗ್ರಿಗೊಂದು ಗೆರೆ ಎಳೆದು 0ಯಿಂದ 11ರವರೆಗೆ ಹೆಸರು ಕೊಡಿ. ಈಗ ಪ್ರತಿ ಗೆರೆಯ ಮೇಲೆ ಕೇಂದ್ರದಿಂದ ಇಷ್ಟಿಷ್ಟು ದೂರಕ್ಕೆ ಚುಕ್ಕಿ ಇಡಿ:

0ರಲ್ಲಿ 3 ಸೆಂ.ಮೀ., 1ರಲ್ಲಿ 3.3, 2ರಲ್ಲಿ 4, 3ರಲ್ಲಿ 4.7, 4ರಲ್ಲಿ 5. ಇದು ಎಳೆದುಕೊಳ್ಳುವ ಭಾಗ.
5ರಲ್ಲಿ 4.6, 6ರಲ್ಲಿ 4, 7ರಲ್ಲಿ 3.5, 8ರಲ್ಲಿ 3.15, 9ರಲ್ಲಿ 3. ಇದು ಬಿಡುವ ಭಾಗ.
10 ಮತ್ತು 11ರಲ್ಲಿ 3. ಇದು ತಂಗುವ ಭಾಗ.

ಚುಕ್ಕಿಗಳನ್ನು ಕೈಯಿಂದಲೇ ನಯವಾದ ಗೆರೆಯಾಗಿ ಸೇರಿಸಿ. ಅಂಕಿಗಳನ್ನು ಇನ್ನೊಮ್ಮೆ ನೋಡಿ. ಶುರುವಿನಲ್ಲಿ ಮೆಲ್ಲಗೆ, ನಡುವೆ ಜೋರಾಗಿ, ಮೇಲೆ ತಲುಪುವಾಗ ಮತ್ತೆ ಮೆಲ್ಲಗೆ. ಇಳಿಯುವಾಗ ಮೊದಲು ಬೇಗ ಬೇಗ, ಕೊನೆಗೆ ಬರಬರುತ್ತಾ ಸಾವಕಾಶ. ಆಮೇಲೆ 9ರಿಂದ ಮತ್ತೆ 0ಗೆ ಬರುವವರೆಗೆ ಏನೂ ಇಲ್ಲ. 10 ಆರ್‌ಪಿಎಂ ಮೋಟರಿನಲ್ಲಿ ಒಂದು ಸುತ್ತಿಗೆ 6 ಸೆಕೆಂಡು. ಅಂದರೆ ಎಳೆದುಕೊಳ್ಳಲು 2 ಸೆಕೆಂಡು, ಬಿಡಲು ಎರಡೂವರೆ, ತಂಗಲು ಒಂದೂವರೆ. ನೋಡುವವರು ತಮಗೇ ಗೊತ್ತಿಲ್ಲದೆ ತಮ್ಮ ಉಸಿರನ್ನು ಇದಕ್ಕೆ ಹೊಂದಿಸಿಕೊಳ್ಳಲು ನೋಡುವುದು ಆ ಒಂದೂವರೆ ಸೆಕೆಂಡಿನಲ್ಲೇ. ಅದನ್ನು ಕಡಿಮೆ ಮಾಡುವ ಆಸೆ ಬರುತ್ತದೆ, ಮಾಡಬೇಡಿ.

ಕತ್ತರಿಸುವಾಗ ಗೆರೆಯ ಹೊರಗೆ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಬೆರಳ ತುದಿಯನ್ನು ಅಂಚಿನ ಮೇಲೆ ಕಣ್ಣು ಮುಚ್ಚಿ ಓಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಲಿವರ್ ಅದನ್ನು ಎರಡರಷ್ಟು ಮಾಡಿ ತೋರಿಸುತ್ತದೆ ಅನ್ನುವುದು ನೆನಪಿರಲಿ. ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳ ನಡುವೆ ಸಂದು ಕಂಡರೆ ಫೆವಿಕಾಲಿಗೆ ಮರದ ಪುಡಿ ಬೆರೆಸಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ.

ಕ್ಯಾಮ್ ತಿರುಗುವ ದಿಕ್ಕು ಮುಖ್ಯ. ಬೇರಿಂಗಿನ ಮುಂದೆ 0, 1, 2, 3 ಈ ಕ್ರಮದಲ್ಲೇ ಹಾದುಹೋಗಬೇಕು. ತಿರುವುಮುರುವಾದರೆ ನಿಧಾನಕ್ಕೆ ಎಳೆದುಕೊಂಡು ಬೇಗ ಬಿಟ್ಟುಬಿಡುತ್ತದೆ. ಅದು ಉಸಿರಲ್ಲ, ನಿಟ್ಟುಸಿರು. ನಿಮಗೆ ಬೇಕಾದ್ದು ಅದೇ ಆದರೆ ಹಾಗೇ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ.

8. ಮೊದಲು ಕೈಯಲ್ಲೇ ತಿರುಗಿಸಿ

ಕ್ಯಾಮಿನ ಕೇಂದ್ರಕ್ಕೆ ತಾತ್ಕಾಲಿಕವಾಗಿ ಒಂದು ಉದ್ದ ಬೋಲ್ಟ್ ಹಾಕಿ, ಅದಕ್ಕೆ ಹಿಡಿಕೆ ಕಟ್ಟಿ, ಲಿವರಿನ ಮೇಲೆ ಒಂದು ಕಂಬದಲ್ಲಿ ಕೂರಿಸಿ. ಲಿವರ್ ಮಟ್ಟವಾಗಿದ್ದಾಗ ಬೇರಿಂಗಿನ ಕೇಂದ್ರಕ್ಕೂ ಕ್ಯಾಮಿನ ಕೇಂದ್ರಕ್ಕೂ ನಡುವೆ ಸುಮಾರು 5.1 ಸೆಂ.ಮೀ. ಇರಬೇಕು. ನಿಧಾನಕ್ಕೆ ತಿರುಗಿಸಿ. ಎಲ್ಲಿ ಕೈಗೆ ಭಾರ ಹತ್ತುತ್ತದೋ ಅಲ್ಲಿ ಕ್ಯಾಮಿನ ಮೇಲೆ ಪೆನ್ಸಿಲ್ ಗುರುತು ಮಾಡಿ. 1ರಿಂದ 3ರ ನಡುವೆ ಸ್ವಲ್ಪ ಭಾರ ಇರಲೇಬೇಕು, ಅದು ಉಸಿರು ಎಳೆಯುವ ಶ್ರಮ. ಬೇರೆಲ್ಲಾದರೂ ಭಾರ ಸಿಕ್ಕರೆ ಯಾವುದೋ ಪಕ್ಕೆಲುಬು ಬಿಗಿಯಾಗಿದೆ, ಅಥವಾ ದಾರ ರಾಟೆಯ ಪಕ್ಕಕ್ಕೆ ಉಜ್ಜುತ್ತಿದೆ.

ಕೆಲವರು ಇಲ್ಲಿಗೇ ನಿಲ್ಲಿಸುತ್ತಾರೆ, ಮೋಟರ್ ಹಾಕುವುದೇ ಇಲ್ಲ. ಅದೂ ಒಳ್ಳೆಯ ಶಿಲ್ಪವೇ. ಬಂದವರು ಹಿಡಿಕೆ ತಿರುಗಿಸಿದರೆ ಮಾತ್ರ ಅದು ಉಸಿರಾಡುತ್ತದೆ.

9. ಮೋಟರ್

ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು. ನಮ್ಮಲ್ಲಿ ಒಂದು ಸುತ್ತಿಗೆ ಒಂದು ಉಸಿರು, ಹಾಗಾಗಿ ಲೆಕ್ಕ ಸುಲಭ. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 10 ಅಂದರೆ ಗಾಢ ನಿದ್ದೆಯಂತೆ ಕಾಣುತ್ತದೆ, ಶಿಲ್ಪಕ್ಕೆ ಅದು ಒಪ್ಪುತ್ತದೆ. ಇದೇ ಚೌಕಟ್ಟಿಗೆ 30 ಆರ್‌ಪಿಎಂ ಹಾಕಿ ನೋಡಿ, ಓಡಿ ಬಂದು ಏದುಸಿರು ಬಿಡುವವರಂತೆ ಕಾಣುತ್ತದೆ. ಎರಡಕ್ಕೂ ನಡುವೆ ಬೇಕಾದರೆ 30ರ ಮೋಟರಿಗೆ ಒಂದು ವೇಗ ನಿಯಂತ್ರಕ ಹಾಕಿ ಅರ್ಧಕ್ಕೆ ಇಳಿಸಿ.

ಟಾರ್ಕ್, ಅಂದರೆ ತಿರುಗಿಸುವ ಬಲ, ಅಂಗಡಿಯಲ್ಲಿ ಕೆಜಿ-ಸೆಂ.ಮೀ. ಲೆಕ್ಕದಲ್ಲಿ ಹೇಳುತ್ತಾರೆ. 1 ಕೆಜಿ-ಸೆಂ.ಮೀ. ಅಂದರೆ ಶಾಫ್ಟಿನ ಕೇಂದ್ರದಿಂದ 1 ಸೆಂ.ಮೀ. ದೂರದಲ್ಲಿ 1 ಕೆಜಿ ಎತ್ತುವ ಬಲ. ಹನ್ನೆರಡು ಪಕ್ಕೆಲುಬು ಸೇರಿ ಕಾಲು ಕೆಜಿ ಚಿಲ್ಲರೆ, ಉಜ್ಜಾಟವನ್ನೂ ಸೇರಿಸಿದರೆ ನಮಗೆ ಬೇಕಾದ್ದು ಒಂದರ ಆಸುಪಾಸು. ನಾಲ್ಕೈದು ಇರುವ ಮೋಟರ್ ತಂದರೆ ಧೈರ್ಯವಾಗಿರಬಹುದು. ತೀರಾ ಬಲವಾದದ್ದು ಬೇಡ. ಏನಾದರೂ ಸಿಕ್ಕಿಕೊಂಡರೆ ಬಲವಾದ ಮೋಟರ್ ನಿಲ್ಲುವುದಿಲ್ಲ, ದಾರ ಹರಿಯುತ್ತದೆ ಇಲ್ಲ ಬೆರಳು ಜಜ್ಜುತ್ತದೆ.

ಕ್ಯಾಮನ್ನು ಶಾಫ್ಟಿಗೆ ಅಂಟಿನಿಂದ ಅಂಟಿಸಬೇಡಿ. ಹಬ್ಬಿಗೆ ಸ್ಕ್ರೂ ಹಾಕಿ, ಹಬ್ಬಿನ ಪುಟ್ಟ ಸ್ಕ್ರೂ ಶಾಫ್ಟಿನ ಚಪ್ಪಟೆ ಮುಖಕ್ಕೆ ಕೂರುವಂತೆ ಬಿಗಿಯಿರಿ. ಮೋಟರಿಗೂ ಅದರ ಕಂಬಕ್ಕೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ಇಲ್ಲದಿದ್ದರೆ ಪ್ಲೈವುಡ್ ತಳವೇ ತಮಟೆಯಂತೆ ಗುಂಯ್‌ಗುಡುತ್ತದೆ. ದಿಕ್ಕು ತಿರುವಾದರೆ ಎರಡು ವೈರು ಅದಲು ಬದಲು ಮಾಡಿ, ಅಷ್ಟೇ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ನಿಯಮ: 230 ವೋಲ್ಟ್ ಅಡಾಪ್ಟರಿನ ಆಚೆಗೇ ಉಳಿಯಬೇಕು, ನಮ್ಮ ಶಿಲ್ಪದೊಳಗೆ 12 ವೋಲ್ಟ್ ಮಾತ್ರ. ಗುಜರಿಯಲ್ಲಿ ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟರ್ ಅಗ್ಗಕ್ಕೆ ಸಿಗುತ್ತದೆ, ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಅವುಗಳಲ್ಲಿ ಹೆಚ್ಚಿನವು ನೇರ 230 ವೋಲ್ಟಿನವು. ಜೊತೆಗೆ ಅವು ಪ್ರತಿ ಸಲ ಶುರುವಾಗುವಾಗ ಯಾವ ಕಡೆ ತಿರುಗುತ್ತವೆ ಅನ್ನುವ ಖಾತ್ರಿಯಿಲ್ಲ, ಇವತ್ತು ಉಸಿರು, ನಾಳೆ ನಿಟ್ಟುಸಿರು. ಆ ಮೋಟರಿಗಾಗಿ ಮನೆಯ ಹಳೆಯ ಮೈಕ್ರೋವೇವ್ ಬಿಚ್ಚುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

10. ಜನರ ಮುಂದಿಡುವಾಗ

ಕ್ಯಾಮ್ ಮತ್ತು ಬೇರಿಂಗ್ ಸೇರುವ ಜಾಗಕ್ಕೆ ಮುಂದೊಂದು ಪಾರದರ್ಶಕ ಅಕ್ರಿಲಿಕ್ ಹಲಗೆ ನಿಲ್ಲಿಸಿ. ಮಕ್ಕಳ ಬೆರಳು ನೇರ ಅಲ್ಲಿಗೇ ಹೋಗುತ್ತದೆ, ದೊಡ್ಡವರ ದುಪಟ್ಟಾ, ಸೆರಗು ಕೂಡ. ಇಡೀ ದಿನ ಓಡಿಸಬೇಕಾದರೆ ಮೋಟರಿಗೂ ಬಿಡುವು ಬೇಕು. ಒಳಗೆ ಬ್ರಷ್ ಇರುವ ಸಾದಾ ಡಿಸಿ ಮೋಟರ್ ಸವೆಯುತ್ತದೆ. ಒಂದು ಒತ್ತುಗುಂಡಿ ಇಡಿ, ಅಥವಾ ಯಾರಾದರೂ ಹತ್ತಿರ ಬಂದರೆ ಆನ್ ಆಗುವ ಸೆನ್ಸರ್ ಹಾಕಿ. ವೈರಿನಲ್ಲಿ ಒಂದು ಫ್ಯೂಸ್ ಇರಲಿ.

ತಲೆಬುರುಡೆ ಹಾಕಲಾ, ಬಟ್ಟೆಯ ಚರ್ಮ ಹೊದಿಸಲಾ ಅಂತ ಕೇಳುವವರಿಗೆ: ನನ್ನ ಪ್ರಕಾರ ಎರಡೂ ಬೇಡ. ಬುರುಡೆ ಬಂದ ಕೂಡಲೇ ಜನ ಹೆದರುವ ಆಟ ಶುರುಮಾಡುತ್ತಾರೆ, ಉಸಿರನ್ನು ನೋಡುವುದಿಲ್ಲ. ಚರ್ಮ ಹೊದಿಸಿದರೆ ದಾರ, ರಾಟೆ, ಲಿವರ್ ಮಾಡುವ ಕೆಲಸವೇ ಮುಚ್ಚಿಹೋಗುತ್ತದೆ. ಬಣ್ಣವನ್ನೂ ಮಿತಿಯಲ್ಲಿಡಿ. ಜಿಐ ತಂತಿಯ ಮಂಕು ಬೂದು ಬಣ್ಣ ಚೆನ್ನಾಗಿಯೇ ಕಾಣುತ್ತದೆ.

ಸರಿ ಹೋಗದಿದ್ದರೆ

ಒಂದು ಬದಿ ಮೊದಲು ಏರಿ ಇನ್ನೊಂದು ತಡವಾದರೆ ಉಂಗುರದ ಹತ್ತಿರ ಎರಡು ದಾರಗಳ ಉದ್ದ ಒಂದೇ ಇಲ್ಲ. ಸಡಿಲಿರುವ ಬದಿಯ ಗಂಟು ಬಿಚ್ಚಿ ಬಿಗಿಯಿರಿ. ಎರಡೂ ಬದಿ ಸೇರಿ ಜಾಸ್ತಿ ಜೋತುಬಿದ್ದಿದ್ದರೆ ಗಂಟು ಮುಟ್ಟಬೇಡಿ, ಲಿವರಿನ ಐ ಬೋಲ್ಟಿನ ನಟ್ಟು ತಿರುಗಿಸಿದರೆ ಸಾಕು, ಅದನ್ನು ಹಾಕಿದ್ದೇ ಇದಕ್ಕೆ.

ಇಳಿಯುವಾಗ ಬೇರಿಂಗ್ ಕ್ಯಾಮಿನಿಂದ ಬಿಟ್ಟುಕೊಂಡು ಟಪ್ ಅಂತ ಮತ್ತೆ ತಾಗಿದರೆ ಪಕ್ಕೆಲುಬುಗಳು ಕ್ಯಾಮಿನ ವೇಗಕ್ಕೆ ಇಳಿಯುತ್ತಿಲ್ಲ. ಮೊದಲು ತೂತುಗಳಿಗೆ ಮತ್ತೆ ಮೇಣ ತಿಕ್ಕಿ. ಅದಕ್ಕೂ ಬಗ್ಗದಿದ್ದರೆ ಕೆಳಗಿನ ಎರಡು ಜೊತೆಗೆ ಒಂದೊಂದು ಸಣ್ಣ ನಟ್ಟು ತೂಗುಹಾಕಿ ಭಾರ ಕೊಡಿ.

ಮಳೆಗಾಲದಲ್ಲಿ ಚೆನ್ನಾಗಿದ್ದ ಶಿಲ್ಪವೂ ನಿಧಾನವಾಗುತ್ತದೆ. ತೇವಕ್ಕೆ ಮರ ಉಬ್ಬಿ ತೂತು ಕಿರಿದಾಗಿರುತ್ತದೆ, ಮೋಟರನ್ನು ಬೈಯಬೇಡಿ. ಪಕ್ಕೆಲುಬು ಹೊರತೆಗೆದು ಅದೇ 3.5 ಮಿಮೀ ಬಿಟ್ಟನ್ನು ಕೈಯಲ್ಲೇ ತೂತಿನೊಳಗೆ ಒಂದೆರಡು ಸುತ್ತು ತಿರುಗಿಸಿ, ಪುಡಿ ಊದಿ, ಮೇಣ ಹಚ್ಚಿ ಮತ್ತೆ ಕೂರಿಸಿ.